ಪರದೆ ಅಂಗಡಿಯ ಓಲೆಪೆಟ್ಟಿಗೆ

ನಾನು ಒಂದು ಕಂಪ್ಯೂಟರಿನ ಡಬ್ಬಿ. ಟೇಬಲ್ಲಿನ ಮೇಲೆ ಕೂತು, ಬಣ್ಣದ ಚಿತ್ರ ತೋರಿಸಿ, ಬಂದವರೆಲ್ಲರ ಮೆಚ್ಚುಗೆ ಪಡೆಯುವ ಭಾಗ್ಯ ಮಾನಿಟರ್ ಮಹಾಶಯನದು. ನಾನಿದ್ದದ್ದು ಟೇಬಲ್ಲಿನ ಕೆಳಗೆ, ಧೂಳು ಮತ್ತು ಚಪ್ಪಲಿಗಳ ನಡುವೆ. ಜನ ಒಬ್ಬರನ್ನೊಬ್ಬರು ಮುಖ ನೋಡಿ ಗುರುತಿಸುತ್ತಾರಂತೆ. ನಾನು ಪಾದ ನೋಡಿ ಗುರುತಿಸುತ್ತೇನೆ. ಮುಖ ಸುಳ್ಳು ಹೇಳೀತು, ಕಾಲಿನ ಹೆಬ್ಬೆರಳಿಗೆ ಆ ವಿದ್ಯೆ ಬಾರದು. ಆದ್ದರಿಂದ ನಾನು ಹೇಳುವ ಕತೆಯನ್ನು ನೀವು ಧಾರಾಳವಾಗಿ ನಂಬಬಹುದು.

ನನ್ನನ್ನು ಕೂಡಿಸಿದ್ದು ಹುಬ್ಬಳ್ಳಿಯ ಸಂದಿಯೊಂದರ ಅಂಗಡಿಯಲ್ಲಿ. ನನ್ನ ಫ್ಯಾನು ಒಂದು ದೇಶದ್ದು, ನೆನಪಿನ ಪಟ್ಟಿ ಇನ್ನೊಂದು ದೇಶದ್ದು, ಹೊರಗಿನ ತಗಡು ಮಾತ್ರ ಅಪ್ಪಟ ಸ್ಥಳೀಯ. ಅಂಗಡಿಯವರು ನನ್ನ ಹಣೆಗೆ ಕುಂಕುಮವಿಟ್ಟು ಗುಂಡಿ ಒತ್ತಿದರು. ನಾನು ಒಮ್ಮೆ 'ಪೀಂ' ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಬದುಕಿನಲ್ಲಿ ನಾನು ಗಟ್ಟಿಯಾಗಿ ಆಡಿದ ಮಾತು ಅದೊಂದೇ. ಮುಂದೆ ಮಾತಾಡಬೇಕಾದಾಗ ಬಾಯಿ ಇಲ್ಲದೆ ಒದ್ದಾಡಿದ್ದನ್ನು ಆಮೇಲೆ ಹೇಳುತ್ತೇನೆ.

ಮೊದಲು ನನ್ನನ್ನು ಒಯ್ದವರು ಟೈಪಿಂಗ್ ಕ್ಲಾಸಿನ ಹೆಬಸೂರ ಮಾಸ್ತರರು. ಅಲ್ಲಿ ನಾನು ಕನ್ನಡ ಕಲಿತೆ. ಎಷ್ಟೋ ಹುಡುಗಿಯರ, ಹುಡುಗರ ಬೆರಳುಗಳು 'ಅರಸ', 'ಸರಸ', 'ಬಸವ' ಎಂದು ಬಡಿದು ಬಡಿದು ನನಗೆ ಅಕ್ಷರ ತುಂಬಿದವು. ಕ್ಲಾಸಿಗೆ ಬರುವವರು ಕಡಿಮೆಯಾದಾಗ ಮಾಸ್ತರರು ಬಾಗಿಲು ಮುಚ್ಚಿದರು. ಹಳೆಯ ಗೆಳೆತನದ ಗುರುತಿಗೆ ನನ್ನನ್ನು ಗದಗಿನ ವಿರೂಪಾಕ್ಷಪ್ಪ ಬಳಿಗಾರರಿಗೆ ಕೊಟ್ಟುಬಿಟ್ಟರು. ಇಬ್ಬರೂ ಹುಡುಗರಾಗಿದ್ದಾಗ ಒಂದೇ ನಾಟಕದಲ್ಲಿ ರಾಮ ಲಕ್ಷ್ಮಣರಾಗಿ ನಿಂತವರಂತೆ.

ವಿರೂಪಾಕ್ಷಪ್ಪನವರದು 'ಶ್ರೀ ಗೌರೀಶಂಕರ ಡ್ರಾಮಾ ಸೀನ್ಸ್' ಎಂಬ ಅಂಗಡಿ. ನಮ್ಮ ಕಡೆ ಹಳ್ಳಿಯವರು ನಾಟಕ ಆಡಬೇಕೆಂದರೆ ಮಾತು ಬಾಯಿಪಾಠ ಮಾಡಿದರೆ ಸಾಕು. ಉಳಿದದ್ದೆಲ್ಲ ಇಂಥ ಅಂಗಡಿಯಿಂದ ಬಾಡಿಗೆಗೆ ಬರುತ್ತದೆ. ಕಿರೀಟ, ಗದೆ, ಜರತಾರಿ ಅಂಗಿ, ಸಿಂಹಾಸನ, ಎಲ್ಲಕ್ಕಿಂತ ಮುಖ್ಯವಾಗಿ ಪರದೆಗಳು. ದರ್ಬಾರದ ಪರದೆ, ಕಾಡಿನ ಪರದೆ, ಬೀದಿಯ ಪರದೆ, ಜೈಲಿನ ಪರದೆ, ಕೈಲಾಸದ ಪರದೆ. ಅವನ್ನೆಲ್ಲ ಬರೆದವರು ವಿರೂಪಾಕ್ಷಪ್ಪನವರ ತಂದೆ ಪರಪ್ಪನವರು. ಬಣ್ಣ ಉದುರಿದಲ್ಲೆಲ್ಲ ಮತ್ತೆ ಬಣ್ಣ ಕೊಟ್ಟು ಉಳಿಸಿಕೊಂಡು ಬಂದವರು ಇವರು. ಇತ್ತೀಚೆಗೆ ಸೊಸೆ ದಾಕ್ಷಾಯಿಣಿಯೂ ಕುಂಚ ಹಿಡಿದಿದ್ದಳು. ಕಾಡಿನ ಪರದೆಯ ಕೊಳದಲ್ಲಿರುವ ಹಂಸ ಅವಳದೇ ಕೈ. ಅದಕ್ಕೆ ಕೊಕ್ಕು ಸ್ವಲ್ಪ ಉದ್ದವಾಗಿದೆ. ಮಾವ ಅದನ್ನು ಕಂಡೂ ಕಾಣದವರ ಹಾಗಿದ್ದರು. ಮಗ ಬಸ್ ಕಂಡಕ್ಟರ್. ಊರೂರು ತಿರುಗುವವನಿಗೆ ಅಂಗಡಿಯ ಉಸಾಬರಿ ಬೇಕಿರಲಿಲ್ಲ.

ನನ್ನನ್ನು ತಂದು ಟೇಬಲ್ಲಿನ ಕೆಳಗೆ, ಭೀಮನ ಗದೆಯ ಪಕ್ಕದಲ್ಲಿ ಕೂರಿಸಿದರು. ಅಂಗಡಿಗೊಂದು ಇಮೇಲ್ ವಿಳಾಸ ಆಯಿತು. ದೂರದ ಕನ್ನಡ ಸಂಘಗಳು, ಶಾಲೆಗಳು, ಒಮ್ಮೊಮ್ಮೆ ಸಿನಿಮಾದವರು ಬರೆಯತೊಡಗಿದರು. ಆ ಕಾಗದಗಳೆಲ್ಲ ಬಂದು ಇಳಿಯುತ್ತಿದ್ದದ್ದು ನನ್ನ ಹೊಟ್ಟೆಯಲ್ಲಿ.

ಇನ್ನು ನಮ್ಮ ಯಜಮಾನರ ಒಂದು ಪದ್ಧತಿ ಹೇಳಬೇಕು. ಹೇಳದಿದ್ದರೆ ಕತೆ ಮುಂದೆ ಹೋಗುವುದಿಲ್ಲ. ಬಂದ ಕಾಗದಕ್ಕೆ ಉತ್ತರ ಬರೆಯದೆ ಇರುವುದು ಅವರ ಪಾಲಿಗೆ ಮಹಾಪಾಪ. ಬಾಗಿಲಿಗೆ ಬಂದವರನ್ನು ನೀರು ಕೊಡದೆ ಕಳಿಸಿದ ಹಾಗೆ. ಪ್ರತಿ ಸೋಮವಾರ ಹಣೆತುಂಬ ವಿಭೂತಿ ಬಳಿದುಕೊಂಡು, ಒಂದೇ ಬೆರಳಿನಿಂದ ಕೀಲಿಮಣೆ ಕುಟ್ಟುತ್ತ, ಎಲ್ಲರಿಗೂ ಉತ್ತರ ಬರೆಯುತ್ತಿದ್ದರು. ಅದೂ ಹೇಗೆ? ಕಾಗದ ಪೂರ್ತಿ ಓದುವ ಮೊದಲೇ 'ಶ್ರೀ. ತಮ್ಮ ಪತ್ರ ತಲುಪಿ ಸಂತೋಷವಾಯಿತು' ಎಂಬ ಮೊದಲ ಸಾಲು ಹೊಡೆದುಬಿಡುವುದು. ಮೊದಲು ಮರ್ಯಾದೆ, ಆಮೇಲೆ ವಿಚಾರ.

ಎಲ್ಲರಿಗೂ ಎಂದೆನಲ್ಲ, ಅದರಲ್ಲೊಂದು ತಿದ್ದುಪಡಿ ಇದೆ. ತಮ್ಮವರಿಗೆ ಮಾತ್ರ ಅವರು ಬರೆಯುತ್ತಿರಲಿಲ್ಲ. ರೋಣದ ನಾಟಕದವರು, ಪಕ್ಕದೂರಿನ ಶಾಲೆಯವರು, ಬಹಳ ಕಾಲದ ಗಿರಾಕಿಗಳು ಇಮೇಲ್ ಕಳಿಸಿದರೆ ಕೂಡಲೇ ಫೋನ್ ಎತ್ತಿ "ಬರ್ರಿ, ಚಾ ಕುಡಿಯೋಣು" ಎನ್ನುತ್ತಿದ್ದರು. ಒಮ್ಮೆ ಸೊಸೆ ಯಾಕೆಂದು ಕೇಳಿದಳು.

"ನಮ್ಮವರಿಗೆ ಯಾರರ ಕಾಗದ ಬರೀತಾರೇನವ್ವ?" ಎಂದರು ಅವರು. "ಬರದ್ರ ವಕೀಲರ ನೋಟೀಸು ಕೊಟ್ಟಂಗ ಆಗತೈತಿ. ಇವರಿಗೆ ಏನೋ ಸಿಟ್ಟು ಬಂದೈತಿ, ಅದಕ್ಕ ಬರವಣಿಗಿಗೆ ಇಳದಾರ ಅಂತ ತಿಳ್ಕೋತಾರ."

ಸರಿ. ಹಾಗಾದರೆ ಅವರು ಬರೆಯುತ್ತಿದ್ದದ್ದು ಯಾರಿಗೆ? ಹಾದಿಹೋಕರಿಗೆ. ಮತ್ತು, ಅಯ್ಯೋ ಶಿವನೇ, ಕಳ್ಳರಿಗೆ. ಲಾಟರಿ ಬಂದಿದೆ ಎಂದವನಿಗೆ 'ತಮ್ಮ ಔದಾರ್ಯಕ್ಕೆ ಶರಣು. ನಾವು ಚೀಟಿಯನ್ನೇ ಕೊಂಡಿಲ್ಲವಾದ್ದರಿಂದ ಅದು ನಮಗೆ ಸಲ್ಲದು. ನಿಜವಾದ ಹಕ್ಕುದಾರರನ್ನು ಹುಡುಕಿ ಕೊಡಬೇಕು' ಎಂದು ಬರೆದರು. ಗಂಡ ಸತ್ತು ರಾಶಿ ಆಸ್ತಿ ಉಳಿದಿದೆ, ಅದನ್ನು ನಿಮಗೇ ಕೊಡುತ್ತೇನೆ ಎಂದ ಯಾವುದೋ ದೇಶದ ಹೆಂಗಸಿಗೆ ಎರಡು ಪುಟ ಸಮಾಧಾನ ಹೇಳಿ, ಆಸ್ತಿಯನ್ನು ಮಕ್ಕಳ ಹೆಸರಿಗೆ ಮಾಡಿ ದೇವರ ಧ್ಯಾನದಲ್ಲಿರುವಂತೆ ಬುದ್ಧಿ ಹೇಳಿದರು. ದಯವಿಟ್ಟು ಇಂಗ್ಲಿಷಿನಲ್ಲಿ ಬರೆಯಿರಿ ಎಂದು ಆಕೆ ಕೇಳಿಕೊಂಡಾಗ 'ತಂಗಿ, ಕನ್ನಡ ಕಲಿಯುವುದು ಕಷ್ಟವಲ್ಲ' ಎಂದು ಅಕ್ಷರಮಾಲೆಯನ್ನೇ ಕಳಿಸಿಕೊಟ್ಟರು. ಉತ್ತರ ಕೊಟ್ಟಷ್ಟೂ ಕಾಗದಗಳು ಹೆಚ್ಚಿದವು. ಸಕ್ಕರೆ ಚೆಲ್ಲಿದರೆ ಇರುವೆಗೆ ಯಾರೂ ಕರೆಯೋಲೆ ಕಳಿಸಬೇಕಿಲ್ಲ.

ಒಂದು ಸೋಮವಾರ ಬಂದ ಕಾಗದ ನನಗೆ ಚೆನ್ನಾಗಿ ನೆನಪಿದೆ. 'ನಿಮ್ಮ ಇಮೇಲ್ ಪೆಟ್ಟಿಗೆ ತುಂಬಿದೆ, ಪಾಸ್‌ವರ್ಡ್ ಕಳಿಸದಿದ್ದರೆ ಮುಚ್ಚಿಹೋಗುತ್ತದೆ' ಎಂದು ಯಾವನೋ ಸಾಹೇಬನ ವೇಷ ಹಾಕಿ ಬರೆದಿದ್ದ. ನಾನು ವೇಷದ ಅಂಗಡಿಯಲ್ಲೇ ಬೆಳೆದವನು, ನನಗೆ ವಾಸನೆ ಬಡಿಯಿತು. ಊರಿಗೆಲ್ಲ ವೇಷ ಕೊಡುವ ನಮ್ಮ ಯಜಮಾನರಿಗೆ ಬಡಿಯಲಿಲ್ಲ. ಅವರು ಬರೆದರು: 'ಶ್ರೀ. ತಮ್ಮ ಪತ್ರ ತಲುಪಿ ಸಂತೋಷವಾಯಿತು. ನಮ್ಮ ಪೆಟ್ಟಿಗೆಯ ಬಗ್ಗೆ ಇಷ್ಟು ಕಾಳಜಿ ವಹಿಸಿದ್ದಕ್ಕೆ ಉಪಕಾರ. ತಾವು ಕೇಳಿದ ಗುಪ್ತಪದ ಕೆಳಗಿದೆ. ಕೊನೆಯಲ್ಲಿರುವುದು ಸೊನ್ನೆ, ಬೇರೆ ಅಕ್ಷರವೆಂದು ತಿಳಿದು ತಾವು ತೊಂದರೆಪಡಬಾರದು.'

ಕಳ್ಳನಿಗೆ ಇಂಥ ಸತ್ಕಾರ ಎಲ್ಲಿಯೂ ಸಿಕ್ಕಿರಲಾರದು. ಮರುದಿನವೇ ನಮ್ಮ ಅಂಗಡಿಯ ಹೆಸರಿನಲ್ಲಿ, ನಮ್ಮ ಗಿರಾಕಿಗಳಿಗೆಲ್ಲ, ಬೊಜ್ಜು ಇಳಿಸುವ ಪುಡಿಯ ಜಾಹೀರಾತು ಹೊರಟಿತು. ಮೊದಲು ಸಿಡಿಮಿಡಿಗೊಂಡು ಬಂದವನು ರೋಣದ ಕಳಕಪ್ಪ. ಭೀಮನ ಪಾತ್ರಕ್ಕೆ ಹೆಸರಾದವನು. ಅವನ ಪಾದ ಒಳಗೆ ಬಂದರೆ ನನ್ನ ತಗಡು ನಡುಗುತ್ತದೆ.

"ಏನ್ರೀ ಅಪ್ಪಾರ, ಹುಟ್ಟಿದಾಗಿಂದ ಭೀಮನ ಪಾರ್ಟು ಮಾಡಕೋತ ಬಂದೇನಿ. ನನಗ ತೂಕ ಇಳಿಸೋ ಪುಡಿ ಕಳಸ್ತೀರಲ್ಲ! ತೂಕ ಇಳದ್ರ ನನ್ನ ಯಾರು ಕರೀತಾರ? ಉತ್ತರಕುಮಾರನ ಪಾರ್ಟು ಮಾಡ್ಲೇನು?"

ದಾಕ್ಷಾಯಿಣಿ ನಗು ತಡೆಯಲಾರದೆ ಒಳಗೆ ಓಡಿದಳು. ಆದರೆ ಒಳಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ. ಅವಳಿಗೆ ಆ ಹೊತ್ತಿಗೆ ನಗುವಿಗಿಂತ ದೊಡ್ಡ ಚಿಂತೆಯೊಂದಿತ್ತು.

ನಾಟಕದವರು ಈಗ ಪರದೆ ಕೇಳುವುದು ಕಡಿಮೆಯಾಗಿತ್ತು. ಅಚ್ಚು ಹಾಕಿದ ಪ್ಲಾಸ್ಟಿಕ್ ಬ್ಯಾನರ್ ಕಟ್ಟಿದರೆ ದರ್ಬಾರವೂ ಆಯಿತು, ಕಾಡೂ ಆಯಿತು. ಪರದೆಗಳು ಅಟ್ಟದ ಮೇಲೆ ಸುರುಳಿ ಸುತ್ತಿಕೊಂಡು ಮಲಗಿದ್ದವು. ಅವನ್ನು ನೋಡಿಹೋದ ಮೆಣಸಿನಕಾಯಿ ವ್ಯಾಪಾರಿ ಸಂಗನಬಸಪ್ಪ, "ಬಟ್ಟಿ ಗಟ್ಟಿ ಐತ್ರಿ. ಕಾಯಿ ರಾಶಿ ಮ್ಯಾಲ ಹೊಚ್ಚಾಕ ಇದರಂಥದ್ದು ಸಿಗಂಗಿಲ್ಲ" ಎಂದಿದ್ದ. ಪರಪ್ಪನವರ ಕೈಲಾಸ ಮೆಣಸಿನಕಾಯಿಯ ಹೊದಿಕೆ! ಆದರೂ ಇಲಿಗಳ ಬಾಯಿಗೆ ಹೋಗುವ ಬದಲು ಯಾರಿಗಾದರೂ ಉಪಯೋಗವಾಗಲಿ ಎಂದು ವಿರೂಪಾಕ್ಷಪ್ಪನವರು ಒಪ್ಪಿಬಿಟ್ಟಿದ್ದರು. ಶಿವರಾತ್ರಿ ಕಳೆದ ಮರುದಿನ ಲಾರಿ ತರಬೇಕೆಂದು ಮಾತಾಗಿತ್ತು. ಅಷ್ಟರೊಳಗೆ ಬೇರೆ ದಾರಿ ಸಿಕ್ಕರೆ ಮಾತ್ರ ಮಾತು ಹಿಂದಕ್ಕೆ. ಹಾಗೆಂದು ಆ ಷರತ್ತು ಹಾಕಿಸಿದವಳು ದಾಕ್ಷಾಯಿಣಿ.

ಆ ಬೇರೆ ದಾರಿಯ ಹೆಸರು ಪ್ರಭಾವತಿ ಹೊಳ್ಳ. ಕರಾವಳಿಯಲ್ಲೊಂದು ನಾಟಕ ಕೇಂದ್ರ ನಡೆಸುವ ಹೆಂಗಸು. ಹುಬ್ಬಳ್ಳಿಯ ನಾಟಕೋತ್ಸವದಲ್ಲಿ ದಾಕ್ಷಾಯಿಣಿಯ ಕೈಯಲ್ಲಿ ಪರದೆಗಳ ಫೋಟೊ ನೋಡಿ ಆಕೆ ಬೆರಗಾಗಿದ್ದಳು. ಹಳೆಯ ಕಂಪನಿ ನಾಟಕವೊಂದನ್ನು ಅಸಲಿ ಪರದೆಗಳೊಂದಿಗೆ ಊರೂರಿಗೆ ಒಯ್ಯುವ ಆಸೆ ಆಕೆಯದು. ಪರದೆಗಳ ಜೊತೆ ಅವುಗಳನ್ನು ಬರೆಯುವವರೂ ಬೇಕು, ಹೊಸಬರಿಗೆ ಕಲಿಸಬೇಕು. ನಿಮ್ಮದರ ಹಾಗೇ ಇನ್ನೂ ಕೆಲವು ಅಂಗಡಿಗಳನ್ನು ನೋಡಿದ್ದೇವೆ, ಸಮಿತಿ ತೀರ್ಮಾನಿಸಿದ ಮೇಲೆ ಇಮೇಲ್ ಬರೆಯುತ್ತೇವೆ ಎಂದು ಆಕೆ ಅಂಗಡಿಯ ಕಾರ್ಡು ಕೇಳಿ ತೆಗೆದುಕೊಂಡು ಹೋಗಿದ್ದಳು. ಅಂಥ ಕೇಂದ್ರದವರು ಉತ್ತರ ಬರೆಯುವ ಹೊತ್ತಿಗೆ ನಮ್ಮ ವಿಳಾಸದಿಂದ ಬೊಜ್ಜಿನ ಪುಡಿ ಹೋಗುತ್ತಿದ್ದರೆ?

ಆದ್ದರಿಂದ ತಬಸ್ಸುಮ್ ಬಂದಳು. ಕಂಪ್ಯೂಟರ್ ರಿಪೇರಿಯಲ್ಲಿ ಊರಿಗೆಲ್ಲ ಬೇಕಾದವಳು, ದಾಕ್ಷಾಯಿಣಿಯ ಶಾಲೆಯ ಗೆಳತಿ. ಕೆಂಪು ಪಟ್ಟಿಯ ಬೂಟು. ನನ್ನ ಬೆನ್ನು ಬಿಚ್ಚಿ 'ಫೂ' ಎಂದು ಊದಿದಾಗ ನನ್ನೊಳಗಿನಿಂದ ಬಂಗಾರದ ಜರಿ, ಎರಡು ಮೂರು ಸುಳ್ಳು ಮುತ್ತು, ದುರ್ಯೋಧನನ ಮೀಸೆಯ ಒಂದು ತುಂಡು ಹೊರಬಿದ್ದವು.

"ಇದೇನೇ, ಕಂಪ್ಯೂಟರೋ, ಮೇಕಪ್ ಪೆಟಗಿಯೋ?" ಎಂದು ಅವಳು ನಕ್ಕಳು.

ನನಗೆ ಹೊಸ ನೆನಪಿನ ಪಟ್ಟಿ ಹಾಕಿದಳು. ಮುದುಕನಿಗೆ ಹಲ್ಲು ಕಟ್ಟಿಸಿದಂತಾಯಿತು. ಯಾವುದನ್ನು ಬೇಕಾದರೂ ಕಚ್ಚಬಲ್ಲೆ ಎನಿಸಿತು. ಅಂಗಡಿಯ ಇಮೇಲನ್ನು ಹೊಸ, ಭದ್ರವಾದ ಸೇವೆಗೆ ಬದಲಾಯಿಸಿದಳು. ಪಾಸ್‌ವರ್ಡ್ ಬದಲಾಯಿತು. ಅದರ ಮೇಲೆ ಇನ್ನೊಂದು ಬೀಗ ಬಿತ್ತು. ಒಳಗೆ ಹೋಗಬೇಕೆಂದರೆ ಪ್ರತಿಸಲ ದಾಕ್ಷಾಯಿಣಿಯ ಮೊಬೈಲಿಗೆ ಬರುವ ಅಂಕಿಯನ್ನೂ ಹೇಳಬೇಕು.

"ನನ್ನ ಅಂಗಡಿಗೆ ನಾ ಬಂದ್ರ 'ನೀ ಯಾರು' ಅಂತ ಕೇಳ್ತೈತಲ್ಲವ್ವ ಇದು!" ಎಂದರು ವಿರೂಪಾಕ್ಷಪ್ಪ.

"ಕೇಳ್ಲಿ ಬಿಡ್ರಿ ಕಾಕಾ. ನಿಮ್ಮ ವೇಷ ಹಾಕ್ಕೊಂಡು ಬ್ಯಾರೇದವರು ಬಂದ್ರ ಅವರನ್ನೂ ಕೇಳ್ತೈತಿ" ಎಂದಳು ತಬಸ್ಸುಮ್. ವೇಷದ ಮಾತು ಬಂದದ್ದರಿಂದ ಅವರಿಗೆ ಅದು ಥಟ್ಟನೆ ತಿಳಿಯಿತು.

ಕೊನೆಯಲ್ಲಿ ನನ್ನ ಬಾಗಿಲಿಗೆ ಒಬ್ಬ ಪಹರೆಯವನನ್ನು ನಿಲ್ಲಿಸಿದಳು. ಬೇಡದ ಕಾಗದಗಳನ್ನು ತಡೆದು 'ಸ್ಪ್ಯಾಮ್' ಎಂಬ ಹಿತ್ತಿಲ ಕೋಣೆಗೆ ನೂಕುವುದು ಅವನ ಕೆಲಸ ಎಂದು ಯಜಮಾನರಿಗೂ ತಿಳಿಸಿಹೇಳಿದಳು. ಬಹಳ ಹುರುಪಿನವನು. ಆದರೆ ಊರಿಗೆ ಹೊಸಬ, ಯಾರ ಪರಿಚಯವೂ ಇಲ್ಲ.

"ಇದಕ್ಕ ನಮ್ಮವರು ಯಾರು, ಹೊರಗಿನವರು ಯಾರು ಅಂತ ಹೆಂಗ ತಿಳೀತೈತಿ?" ದಾಕ್ಷಾಯಿಣಿ ಕೇಳಿದಳು.

"ನಿಮ್ಮ ಹಳೇ ಟಪಾಲೆಲ್ಲ ಇದಕ್ಕ ಓದಾಕ ಹಚ್ಚೇನಿ. ನೀವು ಯಾರಿಗೆ ಉತ್ತರ ಬರದೀರಿ, ಅವರು ನಿಮ್ಮವರು. ಯಾರಿಗೆ ಒಂದೂ ಉತ್ತರ ಬರದಿಲ್ಲ, ಅವರ ಮ್ಯಾಲ ಸಂಶಯ. ತಾನ ಕಲೀತೈತಿ. ಆ ಸ್ಪ್ಯಾಮ್ ಖೋಲಿ ಮಾತ್ರ ತೆಗೀಬ್ಯಾಡ್ರಿ, ಬರೇ ಕಳ್ಳರು ಇರ್ತಾರ."

ನೀವು ಈಗಾಗಲೇ ಹಣೆ ಚಚ್ಚಿಕೊಂಡಿರುತ್ತೀರಿ. ನಾನೂ ಚಚ್ಚಿಕೊಳ್ಳುತ್ತಿದ್ದೆ, ಹಣೆ ಇದ್ದಿದ್ದರೆ. ಯಾರಿಗೆ ಉತ್ತರ ಹೋಗಿತ್ತು? ಲಾಟರಿಯವನಿಗೆ! ಆಸ್ತಿಯ ಹೆಂಗಸಿಗೆ! ಯಾರಿಗೆ ಹೋಗಿರಲಿಲ್ಲ? ನಮ್ಮ ಸ್ವಂತದವರಿಗೆ! ಹೇಳೋಣವೆಂದರೆ ಬಾಯಿಲ್ಲ. ಇದ್ದ ಒಂದೇ ಉಪಾಯವೆಂದು ಫ್ಯಾನನ್ನು ಗರಗರನೆ ತಿರುಗಿಸಿದೆ. "ಬಿಸಿ ಆಗೇತಿ" ಎಂದು ತಬಸ್ಸುಮ್ ಭೀಮನ ಗದೆಯನ್ನು ಆಚೆ ಸರಿಸಿ, ಚಹಾ ಕುಡಿದು ಹೊರಟುಹೋದಳು.

ಮರುದಿನದಿಂದ ನಮ್ಮ ಪಹರೆಯವನ ದರ್ಬಾರು ಶುರುವಾಯಿತು. ಆಸ್ತಿಯ ಹೆಂಗಸು ಬಂದರೆ 'ಬರ್ರಿ ಅಕ್ಕಾರ' ಎಂದು ಬಾಗಿ ದಾರಿ ಬಿಟ್ಟ. ಲಾಟರಿಯವನಿಗೆ ಕೈಕಾಲಿಗೆ ನೀರು ಕೊಟ್ಟ. ಪಕ್ಕದೂರಿನ ಶಾಲೆಯವರು ಕೃಷ್ಣನ ಕಿರೀಟ ಕೇಳಿ ಬರೆದರೆ 'ಯಾರು ನೀವು?' ಎಂದು ಹಿತ್ತಿಲಿಗೆ ದಬ್ಬಿದ. ಕಳಕಪ್ಪ ಗದೆ ಕೇಳಿ ಬರೆದ ಕಾಗದವನ್ನೂ ದಬ್ಬಿದ. ಭೀಮನನ್ನು ದಬ್ಬುವ ಎದೆಗಾರಿಕೆ ಕೌರವರಲ್ಲಿ ಯಾರಿಗೂ ಇರಲಿಲ್ಲ. ನಾನು ಬಿದ್ದು ಬಿದ್ದು ನಕ್ಕೆ.

ನನ್ನ ನಗು ನಿಂತದ್ದು ಶಿವರಾತ್ರಿಗೆ ಕೆಲವೇ ದಿನ ಇರುವಾಗ. ಕರಾವಳಿಯಿಂದ ಪ್ರಭಾವತಿ ಹೊಳ್ಳರ ಕಾಗದ ಬಂತು. ಪಾಪ, ಆ ಹೆಂಗಸಿಗೆ ಸಂತೋಷ ಹೆಚ್ಚಾಗಿತ್ತು. 'ಅಭಿನಂದನೆಗಳು!!! ನಿಮ್ಮನ್ನು ಆಯ್ಕೆ ಮಾಡಲಾಗಿದೆ! ಕೂಡಲೇ ಉತ್ತರಿಸಿ!' ಎಂದು ಮೇಲೆ ಬರೆದು, ಕೆಳಗೆ ಫೋಟೊಗಳ ರಾಶಿಯನ್ನೇ ಅಂಟಿಸಿದ್ದಳು. ಪಹರೆಯವನು ಆಪಾದಮಸ್ತಕ ನೋಡಿದ. ಹೊಸ ಮುಖ, ಬಾಯಿತುಂಬ ಅಭಿನಂದನೆ, ಕಂಕುಳಲ್ಲಿ ಗಂಟು. ಕಳ್ಳಿಯ ಲಕ್ಷಣ ಇದಕ್ಕಿಂತ ಬೇರೆ ಬೇಕೆ? ಕತ್ತು ಹಿಡಿದು ಹಿತ್ತಿಲಿಗೆ ನೂಕಿದ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಅಂದು ನನಗೆ ಅರ್ಥವಾಯಿತು. ವರ ನನ್ನ ಹೊಟ್ಟೆಯಲ್ಲೇ ಇತ್ತು, ನನ್ನವರಿಗೆ ಕೊಡಲು ನನ್ನಿಂದ ಆಗಲಿಲ್ಲ. ಆ ದಿನಗಳಲ್ಲಿ ನಾನು ಪಟ್ಟ ಸಂಕಟ ನನ್ನ ತಗಡಿಗೇ ಗೊತ್ತು.

ದಾಕ್ಷಾಯಿಣಿ ದಿನಾ ಬೆಳಿಗ್ಗೆ ಬಂದು ನೋಡುವಳು. ಅವಳ ಕಾಲುಂಗುರದ ಬೆರಳುಗಳು ನೆಲವನ್ನು ಒತ್ತಿ ನಿಲ್ಲುವವು. ಏನೂ ಇಲ್ಲವೆಂದು ತಿಳಿದಾಗ ಮೆಲ್ಲಗೆ ಹಿಂದೆ ಸರಿಯುವವು. ಒಮ್ಮೆ ಆ ಕೇಂದ್ರಕ್ಕೆ ಫೋನ್ ಮಾಡಲೇ ಎಂದು ಮಾವನನ್ನು ಕೇಳಿದಳು.

"ಒಮ್ಮೆ ಹೇಳೇವಿ, ಅವರು ಬರೀತೀವಿ ಅಂದಾರ" ಎಂದರು ಅವರು. "ಎರಡನೇ ಸಲ ಕೇಳಿದ್ರ ಬೇಡಿದಂಗ ಆಗತೈತಿ. ನಮ್ಮಪ್ಪನ ಪರದೆ ಬೇಡಾಕ ಹೋಗೂದು ಬ್ಯಾಡವ್ವ."

ಶಿವರಾತ್ರಿ ಬಂತು. ಬೆಳಿಗ್ಗೆಯೇ ಸಂಗನಬಸಪ್ಪ ತನ್ನ ಆಳುಗಳೊಂದಿಗೆ ಬಂದು, ನಾಳೆ ಒಯ್ಯುವುದಕ್ಕೆ ಇಂದೇ ಅಳತೆ ನೋಡುತ್ತೇನೆಂದ. ಅಟ್ಟದಿಂದ ಪರದೆಗಳನ್ನು ಇಳಿಸಿ ಅಂಗಳದಲ್ಲಿ ಬಿಚ್ಚಿದರು. ಬಾಗಿಲ ಸಂದಿಯಲ್ಲಿ ನನಗೆ ಕಾಡಿನ ಪರದೆಯ ಒಂದು ಮೂಲೆ ಕಂಡಿತು. ಉದ್ದ ಕೊಕ್ಕಿನ ಹಂಸ ಬಿಸಿಲಿನಲ್ಲಿ ಬಿದ್ದುಕೊಂಡಿತ್ತು. ಅದರ ಪಕ್ಕದಲ್ಲಿ ಆಳೊಬ್ಬನ ಕೆಸರುಗಾಲು. "ಹಂಸದ ಮ್ಯಾಲ ಕಾಲಿಡಬ್ಯಾಡಪ್ಪ" ಎನ್ನುತ್ತ ದಾಕ್ಷಾಯಿಣಿ ಆ ಮೂಲೆಯನ್ನು ತನ್ನ ಕಡೆ ಎಳೆದುಕೊಂಡಳು.

ವಿರೂಪಾಕ್ಷಪ್ಪನವರಿಗೆ ಅಂಗಳದಲ್ಲಿ ನಿಲ್ಲಲಾಗಲಿಲ್ಲ. ಉಪವಾಸದ ಹೊಟ್ಟೆಯಲ್ಲಿ ಒಳಗೆ ಬಂದು ನನ್ನ ಮುಂದೆ ಕುಳಿತರು. ದುಃಖ ಬಂದಾಗ ಕೆಲವರು ಮಲಗುತ್ತಾರೆ, ಕೆಲವರು ಜಗಳ ತೆಗೆಯುತ್ತಾರೆ. ಇವರು ಕಾಗದ ಬರೆಯುತ್ತಾರೆ. ಆಸ್ತಿಯ ಹೆಂಗಸಿಗೆ ಶಿವರಾತ್ರಿಯ ಶುಭಾಶಯ ಬರೆದದ್ದಾಯಿತು. ಲಾಟರಿಯವನಿಗೂ ಆಯಿತು. ಅಷ್ಟಕ್ಕೇ ಮುಗಿದುಹೋಯಿತು.

"ಇಷ್ಟ ಏನವ್ವ? ಮೊದಲು ಎಷ್ಟು ಮಂದಿ ಬರತಿದ್ರು. ಈ ಪಹರೆಯವ ಎಲ್ಲಾರನ್ನೂ ಹಿತ್ತಲದಾಗ ನಿಲ್ಲಿಸ್ಯಾನಲ್ಲ!"

ದಾಕ್ಷಾಯಿಣಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು. "ಮಾವಾರ, ಅದನ್ನ ತೆಗೀಬ್ಯಾಡ್ರಿ. ತಬಸ್ಸುಮ್ ಹೇಳ್ಯಾಳ, ಬರೇ ಕಳ್ಳರು ಇರ್ತಾರಂತ."

"ಶಿವರಾತ್ರಿ ದಿವಸ ಕಳ್ಳ ಬಂದ್ರೂ ಒಂದು ಹಣ್ಣು ಕೊಟ್ಟು ಕಳಸಬೇಕು. ಅವರು ಕೇಳಿದ್ದು ಕೊಡೂದಿಲ್ಲ ಬಿಡು. ಹೋಗಿಬರ್ರಿ ಅಂತರ ಹೇಳಬೇಕಿಲ್ಲ?"

ಮೌಸು ಹಿತ್ತಿಲ ಕೋಣೆಯ ಕಡೆ ಹೊರಟಿತು. ಪಹರೆಯವನು ಗಾಬರಿಯಾಗಿ 'ಅಪಾಯ, ಅಪಾಯ' ಎಂದು ಕೆಂಪು ಪಟ್ಟಿ ತೋರಿಸಿದ. ಯಜಮಾನರು ಕನ್ನಡಕ ಸರಿಮಾಡಿಕೊಂಡು ಅದನ್ನು ದಾಟಿದರು. ನಾನು ಫ್ಯಾನಿನ ಉಸಿರು ಹಿಡಿದು ಕಾದೆ.

ಮೊದಲು ಕಂಡದ್ದು ಕಳಕಪ್ಪನ ಕಾಗದ. "ಅಯ್ಯ, ಇವ ಯಾಕ ಇಲ್ಲಿ ನಿಂತಾನ?" ಎಂದರು. ಆಮೇಲೆ ಶಾಲೆಯವರದು. "ಇವರೂ?" ಆಮೇಲೆ ಪ್ರಭಾವತಿ ಹೊಳ್ಳರದು. ಹೊಸ ಹೆಸರು. ಪದ್ಧತಿಯಂತೆ, ಓದುವ ಮೊದಲೇ, ಒಂದೇ ಬೆರಳಿನಿಂದ, 'ಶ್ರೀ. ತಮ್ಮ ಪತ್ರ ತಲುಪಿ ಸಂತೋಷವಾಯಿತು' ಎಂದು ಹೊಡೆದರು. ಆಮೇಲೆ ಓದತೊಡಗಿದರು.

ಅವರ ಹೆಬ್ಬೆರಳು ಮೊದಲು ಮೇಲೆದ್ದಿತು. ಉಳಿದ ಬೆರಳುಗಳೂ ಒಂದೊಂದಾಗಿ ಎದ್ದವು. ಎರಡೂ ಪಾದ ಬರೀ ಹಿಮ್ಮಡಿಯ ಮೇಲೆ ನಿಂತವು. ಅಷ್ಟು ವರ್ಷ ಆ ಪಾದಗಳನ್ನು ನೋಡಿದ್ದೆ, ಅವು ಹಾಗೆ ನಿಂತದ್ದನ್ನು ಕಂಡಿರಲಿಲ್ಲ. 'ನಿಮ್ಮ ತಂದೆಯವರ ಎಲ್ಲ ಪರದೆಗಳೂ ನಮ್ಮ ನಾಟಕಕ್ಕೆ ಬೇಕು. ಅವುಗಳ ಜೊತೆ ನೀವೂ, ಆ ಉದ್ದ ಕೊಕ್ಕಿನ ಹಂಸ ಬರೆದವರೂ ಬಂದು ನಮ್ಮವರಿಗೆ ಬಣ್ಣ ಹಚ್ಚುವುದನ್ನು ಕಲಿಸಬೇಕು. ಶಿವರಾತ್ರಿ ಮುಗಿಯುವುದರೊಳಗೆ ನಿಮ್ಮ ಲಿಖಿತ ಒಪ್ಪಿಗೆ ಬರದಿದ್ದರೆ ಸಮಿತಿ ಇನ್ನೊಬ್ಬರನ್ನು ಕೇಳುತ್ತದೆ' ಎಂದು ಅದರಲ್ಲಿತ್ತು.

ಯಜಮಾನರು ಎದ್ದರು. ಒಂದು ಕಾಲಿಗೆ ತಮ್ಮ ಚಪ್ಪಲಿ, ಇನ್ನೊಂದಕ್ಕೆ ಸೊಸೆಯದು ಸಿಕ್ಕಿಸಿಕೊಂಡು ಅಂಗಳಕ್ಕೆ ಓಡಿದರು.

"ಸಂಗನಬಸಪ್ಪ, ಎಲ್ಲಾ ಸುತ್ತಪ್ಪ! ಸುತ್ತಿ ಒಳಗ ಇಡು!"

"ಯಾಕ್ರೀ? ಅಳತಿ ಸರಿ ಬಂದೈತಲ್ರಿ."

"ಅಳತಿ ಬ್ಯಾರೇದವರಿಗೆ ಸರಿ ಬಂದೈತಿ. ಕೈಲಾಸ ಊರೂರು ತಿರಗಾಕ ಹೊಂಟೈತಿ!"

ದಾಕ್ಷಾಯಿಣಿ ಒಳಗೆ ಓಡಿಬಂದು ಓದಿದಳು. ಓದುತ್ತ ಓದುತ್ತ ನನ್ನ ತಲೆಯ ಮೇಲೆ ಕೈಯೂರಿದಳು. ಬೆಚ್ಚಗಿತ್ತು. ಹಂಸದ ಮಾತು ಬಂದಲ್ಲಿ ನನ್ನ ತಗಡಿನ ಮೇಲೆ ಒಂದು ಹನಿ ಬಿತ್ತು. ಸುಖಕ್ಕೂ ಜನ ಅಳುತ್ತಾರೆಂದು ನನಗೆ ತಿಳಿದದ್ದು ಅಂದೇ. ಸಂಗನಬಸಪ್ಪನೂ ಒಳ್ಳೆಯ ಮನುಷ್ಯ. "ಹೋಗ್ಲಿ ಬಿಡ್ರಿ, ಪರಮೇಶ್ವರನ ಮೈಗೆ ಖಾರ ತಾಗೂದು ತಪ್ಪಿತು" ಎಂದು ತಾನೇ ಪರದೆ ಸುತ್ತಲು ಕೈಹಾಕಿದ.

ಇಲ್ಲಿಗೆ ಎಲ್ಲ ಸುಖಾಂತವಾಗಬೇಕಿತ್ತು. ಆದರೆ ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ಒಳಗೆ ಬಂದ ಯಜಮಾನರು ಅರ್ಧ ಬರೆದ ಉತ್ತರವನ್ನು ಬಿಟ್ಟು ಫೋನಿಗೆ ಕೈಹಾಕಿದರು!

"ಮಾವಾರ, ಬರೀರಿ!" ದಾಕ್ಷಾಯಿಣಿ ಚೀರಿದಳು.

"ಇನ್ನ ಅವರು ನಮ್ಮವರಾದ್ರಲ್ಲವ್ವ. ನಮ್ಮವರಿಗೆ ಯಾರರ ಬರೀತಾರೇನು? ಮಾತಾಡಿಬಿಡ್ತೀನಿ."

"ಬರವಣಿಗಿ ಬೇಕಂತ ಅವರು ಕೇಳ್ಯಾರಲ್ರಿ. ಮ್ಯಾಲ, ನೀವು ನಮ್ಮವರಿಗೆ ಬರೀದಿದ್ದಕ್ಕ ಈ ಪಹರೆಯವ ಅವರನ್ನೆಲ್ಲ ಹೊರಗ ನಿಲ್ಲಿಸ್ಯಾನ. ಕಳಕಪ್ಪನ ಕಾಗದ ಅಲ್ಲಿತ್ತಲ್ಲ, ನೋಡಿದ್ರಿಲ್ಲೋ? ಕಳ್ಳರಿಗೆ ಬರದ್ರಿ, ಕಳ್ಳರು ಮನಿಯವರಾದ್ರು."

ವಿರೂಪಾಕ್ಷಪ್ಪನವರು ಫೋನ್ ಕೆಳಗಿಟ್ಟರು. ಅವರ ಪಾದಗಳು ಒಂದರ ಮೇಲೊಂದು ಕೂತು ಯೋಚಿಸಿದವು. ಆಮೇಲೆ ಅವರು ನಿಧಾನವಾಗಿ, ಒಂದೊಂದೇ ಅಕ್ಷರ ಒತ್ತಿ, ಒಪ್ಪಿಗೆ ಬರೆದರು. ಕೊನೆಯಲ್ಲಿ 'ಇದು ಸಿಟ್ಟಿನಿಂದ ಬರೆದದ್ದಲ್ಲ, ಪ್ರೀತಿಯಿಂದ ಬರೆದದ್ದು' ಎಂದೂ ಸೇರಿಸಿದರು. ಪ್ರಭಾವತಿ ಹೊಳ್ಳರಿಗೆ ಆ ಸಾಲಿನ ಅರ್ಥ ಏನು ಹೊಳೆಯಿತೋ ಗೊತ್ತಿಲ್ಲ. 'ತಲುಪಿತು, ಬಹಳ ಸಂತೋಷ' ಎಂಬ ಅವರ ಮಾರುತ್ತರ ಮಾತ್ರ ಆ ಮಧ್ಯಾಹ್ನವೇ ಬಂತು. ಈ ಸಲ ಪಹರೆಯವನು ಬಾಗಿ ದಾರಿ ಬಿಟ್ಟ.

ತಬಸ್ಸುಮ್ ಮತ್ತೆ ಬಂದು ತಲೆಯ ಮೇಲೆ ಕೈಹೊತ್ತು ನಕ್ಕಳು. ಹಿತ್ತಿಲಲ್ಲಿದ್ದ ನಮ್ಮವರನ್ನೆಲ್ಲ ಒಳಗೆ ಕರೆಸಿದಳು. ಕಳ್ಳರನ್ನು ಹೊರಗೆ ಹಾಕುವ ಹೊತ್ತು ಬಂದಾಗ ಯಜಮಾನರು ಅಡ್ಡ ಬಂದರು. ಹೇಳದೆ ಕೇಳದೆ ಬಾಗಿಲು ಮುಚ್ಚುವುದು ಯಾವ ಮರ್ಯಾದೆ? ಒಬ್ಬೊಬ್ಬರಿಗೂ ಕಡೆಯ ಕಾಗದ ಹೋಯಿತು: 'ನಾಳೆಯಿಂದ ನಮ್ಮಲ್ಲಿ ಪಹರೆ ಬಿಗಿಯಾಗಿರುತ್ತದೆ. ತಾವು ಬಂದು ಬರಿಗೈಲಿ ಹಿಂದಿರುಗುವಂತಾದರೆ ತಪ್ಪು ತಿಳಿಯಬಾರದು.'

"ಕಳ್ಳಗ ಬೀಗದ ಸುದ್ದಿ ಹೇಳಿ ಕಳಿಸಿದಂಗಾತು" ಎಂದು ತಬಸ್ಸುಮ್ ಚಹಾದ ಬಟ್ಟಲು ಕೆಳಗಿಟ್ಟಳು.

ಪಹರೆಯವನಿಗೆ ಪರಿಚಯವಾಗಲೆಂದು ಯಜಮಾನರು ಮೇಲಿಂದ ಮೇಲೆ ತಮ್ಮವರಿಗೆ ಬರೆಯಲು ಹಿಡಿದರು. ಅವರು ಹೇಳಿದ್ದೇ ಆಯಿತು. ಕಾಗದ ಕಂಡವರೆಲ್ಲ ಎದೆ ಹೊಡೆದುಕೊಂಡು ಅಂಗಡಿಗೆ ಓಡಿಬಂದರು. ಕಳಕಪ್ಪ ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ಒಳಗೆ ಬಂದ.

"ಅಪ್ಪಾರ, ಏನು ತಪ್ಪಾತು ನನ್ನಿಂದ? ಬರವಣಿಗಿ ಮಾಡೀರಿ? ಆ ಪುಡಿ ವಿಷಯಕ್ಕ ನಾ ಒದರ್ಯಾಡಿದ್ದು ಮನಸಿಗೆ ಹಚ್ಕೊಂಡೀರೇನು?"

ಅವನಿಗೆ ತಿಳಿಸಿ ಹೇಳಲು ಎರಡು ಸಲ ಚಹಾ ಬೇಕಾಯಿತು.

ಪರದೆಗಳು ಊರೂರು ತಿರುಗಿದವು. ದಾಕ್ಷಾಯಿಣಿ ಕರಾವಳಿಗೆ ಹೋಗಿ ಕಲಿಸಿಬಂದಳು, ಆಮೇಲೆ ಕಲಿಯುವವರೇ ನಮ್ಮ ಅಂಗಡಿಗೆ ಬರತೊಡಗಿದರು. ಅಂಗಡಿಯ ತುಂಬ ಬಣ್ಣ ಹತ್ತಿದ ಕಾಲುಗಳು. ನಾನು ಮಾತ್ರ ಮುದುಕನಾದೆ. ಹಾಕಿಸಿದ ಹೊಸ ಹಲ್ಲೂ ಸವೆಯಿತು. ಇಮೇಲೆಲ್ಲ ಈಗ ದಾಕ್ಷಾಯಿಣಿಯ ಮೊಬೈಲಿನಲ್ಲೇ ಬರುತ್ತದೆ. ಪಹರೆಯವನೂ ಅಲ್ಲಿಗೇ ಹೋದ; ಪಳಗಿ ಒಳ್ಳೆಯವನಾಗಿದ್ದಾನೆಂದು ಕೇಳಿದ್ದೇನೆ. ಒಂದು ದಿನ ತಬಸ್ಸುಮ್ ನನ್ನ ಒಳಗಿನದನ್ನೆಲ್ಲ ತೆಗೆದು ತಗಡು ಮಾತ್ರ ಉಳಿಸಿದಳು. ಗುಜರಿಯವನ ಗಾಡಿಯ ಗಂಟೆ ಕೇಳಿಸಿತು. ಆಯಿತು, ನನ್ನ ಅಂಕ ಮುಗಿಯಿತು ಎಂದುಕೊಂಡೆ.

"ನಮ್ಮ ವರ ಹೊಟ್ಟ್ಯಾಗ ಇಟ್ಕೊಂಡು ಕಾದದ್ದು ಇದು. ಇದನ್ನ ಗುಜರಿಗೆ ಹಾಕೂದೇನು?" ಎಂದರು ವಿರೂಪಾಕ್ಷಪ್ಪ.

ನನಗೆ ಬಂಗಾರದ ಬಣ್ಣ ಬಳಿದರು. ದಾಕ್ಷಾಯಿಣಿ ನನ್ನ ಪಕ್ಕೆಗೊಂದು ಹಂಸ ಬರೆದಳು. ಕೊಕ್ಕು ಬೇಕೆಂದೇ ಉದ್ದ. ಈಗ ನಾನು ನಾಟಕದಲ್ಲಿ ರಾಜನ ಓಲೆಪೆಟ್ಟಿಗೆ. ದರ್ಬಾರದ ಪರದೆಯ ಮುಂದೆ, ಟೇಬಲ್ಲಿನ ಕೆಳಗಲ್ಲ, ಮೇಲೆಯೇ ಕೂತಿರುತ್ತೇನೆ. ಜೀವನದಲ್ಲಿ ಮೊದಲ ಸಲ ಜನರ ಮುಖವನ್ನು ಎದುರೆದುರಿಗೆ, ನೆಟ್ಟಗೆ ನೋಡುತ್ತಿದ್ದೇನೆ. ಪಾದಗಳಷ್ಟು ಪ್ರಾಮಾಣಿಕವಲ್ಲ, ಆದರೂ ಚೆನ್ನಾಗಿವೆ. ದೂತ ಬಂದು ನನ್ನೊಳಗೆ ಶತ್ರುರಾಜನ ಓಲೆ ಇಡುತ್ತಾನೆ. ರಾಜನಾದ ಕಳಕಪ್ಪ ಅದನ್ನು ತೆಗೆದು ಓದುತ್ತಾನೆ. ಮೊದಲೆಲ್ಲ ಅವನು ಓಲೆಯನ್ನು ಪರಪರ ಹರಿದು ಎಸೆದು ಗಹಗಹಿಸುತ್ತಿದ್ದ. ವಿರೂಪಾಕ್ಷಪ್ಪನವರು ಹಟ ಹಿಡಿದು ಅದನ್ನು ತಿದ್ದಿಸಿದರು. ಶತ್ರುವಾದರೇನು, ಬಂದ ಓಲೆಗೆ ಉತ್ತರ ಬರೆಯಬೇಕು.

ಹಾಗಾಗಿ ಈಗ ರಾಜ ರಂಗದ ನಡುವೆ ಕೂತು ನಿಜವಾಗಿಯೂ ಒಂದು ಚೀಟಿ ಬರೆದು ನನ್ನೊಳಗೆ ಹಾಕುತ್ತಾನೆ. ಏನು ಬರೆಯುತ್ತಾನೆಂದು ನೋಡುವವರಿಗೆ ಗೊತ್ತಾಗುವುದಿಲ್ಲ. ನನಗೆ ಗೊತ್ತು. ಕಳಕಪ್ಪನ ವಕ್ರವಕ್ರ ಅಕ್ಷರ, ಪ್ರತಿ ಆಟದಲ್ಲೂ ಅದೇ ಮಾತು: 'ಶ್ರೀ. ತಮ್ಮ ಪತ್ರ ತಲುಪಿ ಸಂತೋಷವಾಯಿತು.'